ಕಾಕಾ ಚೀಟಿ ಹಚ್ಚಿದ ಕಿಡಕಿಗಳು

ತನ್ನ ಮನೆಯೊಳಗೆ ತಾನೇ ಬರಕೂಡದು ಎಂದು ನಿಯಮ ಬರೆದು, ಆ ನಿಯಮಕ್ಕೆ ತಲೆಬಾಗಿ, ಮೂರು ತಾಸು ಸ್ವಂತ ಮನೆಯ ಕಟ್ಟೆಯ ಮೇಲೆ ಖುಷಿಯಾಗಿ ಕೂತ ಮನುಷ್ಯ ಇಡೀ ಬಾಗಲಕೋಟೆ ಜಿಲ್ಲೆಯಲ್ಲಿ ಒಬ್ಬರೇ ಇದ್ದಾರೆ. ಅವರು ನಮ್ಮ ಕಾಕಾ!

ಮೂರು ತಾಸು ಹೌದೋ ಅಲ್ಲವೋ? ನಾನು ಇಷ್ಟು ದಿನ ಎಲ್ಲರಿಗೂ ಮೂರು ಅಂತಲೇ ಹೇಳಿಕೊಂಡು ಬಂದಿದ್ದೇನೆ. ಬರೆಯಲು ಕೂತಾಗ ಅನುಮಾನ ಬಂದು ಕಾಕಾನ ಹೆಂಡತಿ ಕಾಕುಗೆ ಫೋನ್ ಮಾಡಿದೆ. "ಎಲ್ಲೀ ಮೂರು ತಾಸವಾ? ಒಂದು ಕುಕ್ಕರ ಬ್ಯಾಳಿ ಬೇಯೂತನಕ ಅಷ್ಟ," ಅಂದಳು. ನೋಡಿ, ಹೀಗೆ. ಹೇಳಿದ ಸಲಕ್ಕೊಮ್ಮೆ ನೆನಪು ಇಸ್ತ್ರಿ ಮಾಡಿಸಿಕೊಂಡು ಬರುತ್ತದೆ. ಇಸ್ತ್ರಿ ಮಾಡಿದ ಅಂಗಿಯನ್ನು ನಾನು ನಂಬುವುದಿಲ್ಲ. ಅದನ್ನು ತೊಟ್ಟವನು ಎಲ್ಲೂ ಕೂತಿಲ್ಲ, ಎಲ್ಲೂ ಒರಗಿಲ್ಲ ಎಂದು ಅದು ಸುಳ್ಳು ಹೇಳುತ್ತದೆ. ಆದ್ದರಿಂದ ಈ ಬರಹದಲ್ಲಿ ಸುಕ್ಕುಗಳನ್ನು ಹಾಗೇ ಬಿಟ್ಟಿದ್ದೇನೆ. ನಿಮಗೆ ಬೇಕಾದರೆ ಮೂರು ತಾಸು ಅಂದುಕೊಳ್ಳಿ, ಬೇಡವಾದರೆ ಒಂದು ಕುಕ್ಕರು ಬೇಳೆ.

ನಡೆದದ್ದು ಇಷ್ಟು. ನವನಗರದ ಮನೆಯ ಮುಂಬಾಗಿಲಿಗೆ ಕಾಕಾ ಒಂದು ಹಳೆಯ ಕಂಪ್ಯೂಟರು ಜೋಡಿಸಿ, ನಂಬರು ಒತ್ತಿ ತೆಗೆಯುವ ಬೀಗ ಮಾಡಿದ್ದರು. ನಂಬರು ಕೇಳಿಸಿಕೊಳ್ಳುವ ಪ್ರೋಗ್ರಾಮು ಒಂದು, ಚಿಲಕ ಎಳೆಯುವ ಪ್ರೋಗ್ರಾಮು ಇನ್ನೊಂದು. ಮೊದಲನೆಯದು ಹೇಳಿದರೆ ಎರಡನೆಯದು ಕೇಳಬೇಕು. ಒಂದು ದಿನ ಎರಡರ ಮೈಮೇಲೂ ಹೊಸ ಗುರುತು ಹಚ್ಚಿ, ಯಾರು ಯಾರ ಜೊತೆ ಮಾತಾಡಬಹುದು ಎಂದು ಹೊಸ ನಿಯಮ ಬರೆದು, ಕಾಯಿಪಲ್ಲೆ ತರಲು ಹೋದರು. ಬಂದು ನಂಬರು ಒತ್ತಿದರೆ ಬಾಗಿಲು ಜಪ್ಪಯ್ಯ ಅಂದರೂ ತೆರೆಯಲಿಲ್ಲ.

"ಒಳಗಿಂದ ಕೈಲೆ ತಗೀಲೇನ್ರಿ?" ಎಂದು ಕಾಕು ಕೂಗಿದಳು.

"ತಗೀಬ್ಯಾಡ! ತಗೀಬ್ಯಾಡ! ನನ್ನನ್ನೂ ಬಿಡವಲ್ದು ನೋಡು! ಎಷ್ಟು ಚಂದ ಕೆಲಸಾ ಮಾಡಾಕತ್ತೈತಿ!"

ಬದನೆಕಾಯಿ ಚೀಲ ತೊಡೆಯ ಮೇಲೆ ಇಟ್ಟುಕೊಂಡು, ಮೊಮ್ಮಗ ಮೊದಲ ಹೆಜ್ಜೆ ಇಟ್ಟದ್ದನ್ನು ನೋಡುವ ಅಜ್ಜನ ಮುಖ ಮಾಡಿಕೊಂಡು ಕಟ್ಟೆಯ ಮೇಲೆ ಕೂತರಂತೆ!

ಇಂಥ ಕಾಕಾನ ಬಗ್ಗೆ ಈಗ ಬರೆಯಲು ಕಾರಣ ಇಳಕಲ್ಲಿನ ಒಂದು ಹಳೆಯ ಕಂಪ್ಯೂಟರು. ಗುಜರಿಯವನು ಅದನ್ನು ಒಯ್ಯುವ ಮೊದಲು ಕಾಕಾ ಅದರ ಮುಂದೆ ಹೋಗಿ ಕೂಡಬೇಕಿತ್ತು. ಹಾಗೆ ಕೂಡಬೇಕೆಂದರೆ, ಎಷ್ಟೋ ವರ್ಷದಿಂದ ಮಾತು ಬಿಟ್ಟಿದ್ದ ಗೆಳೆಯನ ಪಕ್ಕದಲ್ಲಿ ಕೂಡಬೇಕಿತ್ತು. ಅಲ್ಲಿಗೆ ಬರುತ್ತೇನೆ. ಅದಕ್ಕೂ ಮೊದಲು ಗುರುತಿನ ವಿಷಯ ಹೇಳದಿದ್ದರೆ ನಿಮಗೇನೂ ತಿಳಿಯುವುದಿಲ್ಲ. ನನಗೂ ಬಹಳ ದಿನ ತಿಳಿದಿರಲಿಲ್ಲ; ನಾನು ಹುನಗುಂದದಲ್ಲಿ ಕನ್ನಡ ಪಾಠ ಹೇಳುವವಳು.

ಕಾಕಾ ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಾರೆ. ಹುಟ್ಟಿದ್ದು ಬೇವೂರಿನಲ್ಲಿ, ಬೀರಪ್ಪನಿಗೆ ನಡೆದುಕೊಳ್ಳುವ ನಮ್ಮ ಕುರುಬರ ಮನೆಯಲ್ಲಿ. ಶಾಲೆ ಮುಗಿಯುವ ತನಕ ಕುರಿ ಕಾಯ್ದವರು. ಈಗ ಕಾಯುವುದು ಕಂಪ್ಯೂಟರಿನೊಳಗಿನ ಪ್ರೋಗ್ರಾಮುಗಳನ್ನು. ಒಂದೇ ಯಂತ್ರದೊಳಗೆ ಓಡುವ ಎರಡು ಪ್ರೋಗ್ರಾಮುಗಳು ಪರಸ್ಪರ ಮಾತಾಡಬೇಕಾದರೆ ಅವಕ್ಕೆ ಒಂದು ಕಿಂಡಿ ಬೇಕಂತೆ. ಅದಕ್ಕೆ ಲೋಕಲ್ ಸಾಕೆಟ್ ಎಂದು ಹೆಸರು. ಹೊರಗಿನ ಲೋಕಕ್ಕೆ ಅದರಿಂದ ದಾರಿ ಇಲ್ಲ, ಮನೆಯೊಳಗಿನ ಮಾತು ಮನೆಯೊಳಗೇ. ಕಾಕಾ ಅದನ್ನು ಕಿಡಕಿ ಅನ್ನುತ್ತಾರೆ. ಯಂತ್ರದ ಹೊಟ್ಟೆಯಲ್ಲಿ ಎಲ್ಲಕ್ಕಿಂತ ಒಳಗೆ ಕೂತು ಎಲ್ಲರ ಮೇಲೂ ಕಣ್ಣಿಟ್ಟಿರುವ ಹಿರಿಯನ ಹೆಸರು ಕರ್ನಲ್. ಪ್ರತಿ ಪ್ರೋಗ್ರಾಮಿನ ಮೈಮೇಲೂ, ಪ್ರತಿ ಕಿಡಕಿಯ ಮೇಲೂ ಒಂದು ಗುರುತು ಇರುತ್ತದೆ. ಗುರುತು ನೋಡಿ, ನಿಯಮ ನೋಡಿ, ಹೂಂ ಅಥವಾ ಊಹೂಂ ಅನ್ನುವುದು ಕರ್ನಲ್‌ನ ಕೆಲಸ.

"ಹೊರಗಿನ ಕಳ್ಳನ್ನ ಎಲ್ಲಾರೂ ಕಾಯ್ತಾರವಾ. ಒಳಗ ಅಡಗಿಮನಿ ಕಿಡಕ್ಯಾಗ ಯಾರು ಯಾರ ಜೋಡಿ ಮಾತಾಡ್ತಾರ, ಅದನ್ನ ಯಾರು ಕಾಯಬೇಕು?" ಎಂದು ಕಾಕಾ ಕೇಳುತ್ತಾರೆ.

"ನಿಮ್ಮವ್ವ ಇದ್ದಾಗ ಆಕಿ ಕಾಯ್ತಿದ್ದಳು," ಎಂದು ಒಳಗಿನಿಂದ ಕಾಕು ಉತ್ತರ ಕೊಡುತ್ತಾಳೆ.

ಈ ಗುರುತು ಎಲ್ಲಿಂದ ಬರುತ್ತದೆ ಎಂದು ನಾನು ಕೇಳಿದಾಗ ಕಾಕಾ ಪುಸ್ತಕ ತೆಗೆಯಲಿಲ್ಲ, ಕುರಿ ತೆಗೆದರು. ನಾಲ್ಕು ಮನೆಯ ಹಿಂಡು ಒಂದೇ ಹೊಲದಲ್ಲಿ ಕೂಡಿದಾಗ ಕಲೆಸಿಹೋಗಬಾರದು ಎಂದು ಕುರಿಯ ಮೈಗೆ ಬಣ್ಣ ಹಚ್ಚುತ್ತಾರಲ್ಲ? ನಮ್ಮ ಮನೆಯದು ಎಡಗಡೆಯ ತೊಡೆಗೆ ಕೆಮ್ಮಣ್ಣಿನ ಗುಂಡು. ಮರಿ ಹುಟ್ಟಿದರೆ ಅವತ್ತೇ ತಾಯಿಯ ಹಿಂಡಿನ ಗುರುತು ಮರಿಗೂ ಬೀಳಬೇಕು.

"ಮರಿ ಎಲ್ಲಿ ಮೇಯಾಕತ್ತೈತಿ ಅಂತ ಕೇಳಬ್ಯಾಡ. ಯಾರು ಹಡದ್ರು, ಅದನ್ನ ಕೇಳು. ಕಿಡಕೀನೂ ಹಂಗ. ಯಾವ ಪ್ರೋಗ್ರಾಮ್ ಅದನ್ನ ತಗದೈತಿ, ಅದರ ಗುರುತ ಅದಕ್ಕ. ತಿಳೀತಿಲ್ಲೋ?"

ತಿಳಿಯಿತು. ನವನಗರದಲ್ಲಿ ಇರುವವರಿಗೆ ಇದು ತಿಳಿಯದೆ ಇರುತ್ತದೆಯೇ? ಸೆಕ್ಟರು ಇದೆ, ಮನೆ ನಂಬರು ಇದೆ. ಆದರೂ ಇಬ್ಬರು ವಯಸ್ಸಾದವರು ಭೇಟಿಯಾದರೆ ಕೇಳುವುದು ಒಂದೇ: "ಹಳೇ ಊರಾಗ ಯಾವ ಓಣಿ ನಿಮ್ಮದು?" ಆ ಓಣಿಯ ಮೇಲೆ ಈಗ ಅಣೆಕಟ್ಟಿನ ಹಿನ್ನೀರು ನಿಂತಿದೆ. ಗುರುತು ಮಾತ್ರ ಇನ್ನೂ ಒಣಗಿಯೇ ಇದೆ!

ಇಷ್ಟಕ್ಕೇ ನಿಂತಿದ್ದರೆ ಕಾಕಾ ನಮ್ಮ ಊರ ಕಡೆಯ ನಾಲ್ಕು ಜನ ಜಾಣರಲ್ಲಿ ಒಬ್ಬರಾಗುತ್ತಿದ್ದರು. ಒಂದು ಬೇಸಿಗೆ ರಜೆಯಲ್ಲಿ ಅವರು ಅದೇ ಪದ್ಧತಿಯನ್ನು ಮನೆಗೆ ತಂದರು. ಅಡುಗೆಮನೆಗೂ ಪಡಸಾಲೆಗೂ ನಡುವೆ ಒಂದು ಕಿಂಡಿ ಇದೆ, ತಾಟು ದಾಟಿಸಲು. ಅದಕ್ಕೆ ಮೊದಲು ಚೀಟಿ ಬಿತ್ತು. ಆಮೇಲೆ ಮನುಷ್ಯರಿಗೆ ಬಿತ್ತು. ಕಾಕು "ಕೊಡುವವಳು". ಕಾಕಾ "ಓದುವವ". ನಾನು "ಬಂದು ಹೋಗುವವಳು". ಗೋಡೆಯ ಮೇಲೆ ನಿಯಮದ ಹಾಳೆ: ಕೊಡುವವಳು ಈ ಕಿಂಡಿಯಿಂದ ಓದುವವನಿಗೆ ರೊಟ್ಟಿ, ಪಲ್ಯ, ಅನ್ನ, ಸಾರು, ಮಜ್ಜಿಗೆ ಕೊಡಬಹುದು. ಕೊನೆಯಲ್ಲಿ ಕೆಂಪು ಮಸಿಯಲ್ಲಿ: "ಇಲ್ಲಿ ಬರೆಯದೆ ಇದ್ದದ್ದೆಲ್ಲಾ ನಿಷಿದ್ಧ."

ಕಾಕು ಹಾಳೆಯನ್ನು ಒಮ್ಮೆ ಓದಿದಳು. ಎರಡನೆಯ ಸಲ ಓದಿದಳು. ಏನೂ ಅನ್ನಲಿಲ್ಲ. ಅವಳು ಏನೂ ಅನ್ನದೆ ಇದ್ದರೆ ಓಡಿಹೋಗಬೇಕು ಎಂಬುದು ನನಗೆ ಗೊತ್ತು, ಕಾಕಾಗೆ ಮದುವೆಯಾಗಿ ಇಷ್ಟು ವರ್ಷವಾದರೂ ಗೊತ್ತಿಲ್ಲ.

ಊಟಕ್ಕೆ ರೊಟ್ಟಿ ಬಂತು, ಪಲ್ಯ ಬಂತು. "ಗುರೆಳ್ಳು ಚಟ್ನಿ ಎಲ್ಲೇತಿ?" ಅಂದರು ಕಾಕಾ.

"ಹಾಳ್ಯಾಗ ಇಲ್ರಿ."

"ಉಳ್ಳಾಗಡ್ಡಿ?"

"ಅದೂ ಇಲ್ರಿ."

"ಹೋಗ್ಲಿ, ಒಂದು ಚಿಟಿಕಿ ಉಪ್ಪು ಕೊಡು."

"ಬರೀಲಾರದ್ದು ಹೆಂಗ ಕೊಡ್ಲಿ? ಕರ್ನಲ್ ಬೈತಾನ್ರಿ."

ಸಂಜೆ ಚಹಾ ಬರಲಿಲ್ಲ. ಮರುದಿನ ಬೆಳಿಗ್ಗೆಯೂ ಬರಲಿಲ್ಲ. ಕಾಕಾ ಹಾಳೆ ತಿದ್ದಲು ಪೆನ್ನು ಹುಡುಕಿದರೆ, ಪೆನ್ನು ಇದ್ದದ್ದು ಅಡುಗೆಮನೆಯ ಗೋಡೆಗೂಡಿನಲ್ಲಿ! ಕಿಂಡಿಯಿಂದ ಪೆನ್ನು ದಾಟಿಸಬಹುದು ಎಂದು ಎಲ್ಲಿ ಬರೆದಿದೆ? ನನ್ನ ಪೆನ್ನು ಕೊಟ್ಟೆ. ಚಹಾ ಇಲ್ಲದೆ ಬಾಡಿಹೋಗಿದ್ದ ಮುಖದಲ್ಲೇ ಕಾಕಾ ನನ್ನ ಕಿವಿಯ ಹತ್ತಿರ ಬಂದು ಹೆಮ್ಮೆಯಿಂದ ಪಿಸುಗುಟ್ಟಿದರು: "ಕಾಲೇಜಿನಾಗ ಒಬ್ಬರಿಗೂ ತಿಳೀಲಾರದ್ದು ನಿಮ್ಮ ಕಾಕುಗ ತಿಳದೈತಿ ನೋಡವಾ!"

ಪಂಚಮಿಗೆ ನೆಂಟರು ತುಂಬಿದಾಗ ಮಾತ್ರ ಕಾಕಾ ಸಡಿಲ ಬಿಡುತ್ತಾರೆ. ಇದಕ್ಕೂ ಕಂಪ್ಯೂಟರಿನಲ್ಲಿ ವ್ಯವಸ್ಥೆ ಇದೆಯಂತೆ: ಎಲ್ಲವನ್ನೂ ಬಿಡುವುದು, ಆದರೆ ಎಲ್ಲವನ್ನೂ ಬರೆದಿಡುವುದು. ಹಬ್ಬ ಮುಗಿದ ಮೇಲೆ ಕಾಕಾನ ನೋಟುಬುಕ್ಕಿನಲ್ಲಿ ನನ್ನ ಹೆಸರಿನ ಮುಂದೆ ಹೀಗಿತ್ತು: "ಅಣ್ಣನ ಮಗಳು. ಶೇಂಗಾ ಉಂಡಿ. ಐದು. ಬಿಟ್ಟೇನಿ."

"ನಾ ತಿಂದದ್ದು ನಾಕ ಕಾಕಾ!"

"ತಿಂದದ್ದು ನಾಕ. ಐದನೇದ್ದು ವ್ಯಾನಿಟಿ ಬ್ಯಾಗಿನ್ಯಾಗ ಹೋತು."

ಇನ್ನು ಬಸ್ಸಿನ ಕತೆ. ಕಾಕಾ, ನಾನು ಬಾದಾಮಿಯಲ್ಲಿ ಒಂದು ಮನೆ ಶಾಂತಿಗೆ ಹೊರಟಿದ್ದೆವು. ಕೆರೂರಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕಾಯಿತು. ಅವತ್ತು ಅಲ್ಲಿ ಸಂತೆ. ಬಸ್ಸು ನಿಲ್ಲುವ ಮೊದಲೇ ಹೊರಗಿನಿಂದ ಕಿಡಕಿಯಲ್ಲಿ ಟಾವೆಲ್ಲು, ಚೀಲ, ಛತ್ರಿ ತೂರಿಸಿ ಸೀಟು ಹಿಡಿಯುವ ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ. ನಾವು ಹತ್ತಿದಾಗ ಖಾಲಿ ಇದ್ದ ಒಂದೇ ಸೀಟಿನ ಮೇಲೆ ಒಂದು ಬಿಳಿ ಟಾವೆಲ್ಲು ಮಲಗಿತ್ತು. ಕಾಕಾ ಅದನ್ನು ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡು ಕೂತೇ ಬಿಟ್ಟರು!

ಹಿಂದಿನಿಂದ ಒಬ್ಬ ಹಿರಿಯರು ಮಂದಿಯನ್ನು ಸರಿಸಿಕೊಂಡು ಬಂದರು. "ಏಳ್ರಿ ಸರ, ಅದು ನನ್ನ ಜಾಗಾ. ಟಾವೆಲ್ ಒಗದೇನಿ."

"ಟಾವೆಲ್ ಕುಂಡ್ರಂಗಿಲ್ರಿ, ಮನಷ್ಯಾ ಕುಂಡ್ರತಾನ. ಕಿಡಕಿಗೆ ಹಚ್ಚಿದ ಗುರುತು ಬ್ಯಾರೆ, ಬಂದು ಮಾತಾಡಾವನ ಗುರುತು ಬ್ಯಾರೆ. ಎರಡೂ ಹೊಂದಬೇಕು. ಈ ಟಾವೆಲ್ ನಿಮ್ಮದ ಅನ್ನಾಕ ಏನು ಗುರುತು?"

ಹಿಂದಿನ ಸೀಟಿನವನು, "ಯಾವ ಡಿಪಾರ್ಟ್‌ಮೆಂಟಿನವರ್ರಿ ಇವರು?" ಎಂದು ನನ್ನನ್ನು ಕೇಳಿದ. ನಾನು ಕಾಕಾನ ಪರಿಚಯವೇ ಇಲ್ಲದವಳ ಹಾಗೆ ಹೊರಗೆ ನೋಡಿದೆ.

ಹಿರಿಯರು ಸಿಟ್ಟಾಗಲಿಲ್ಲ. "ಮೂಸಿ ನೋಡ್ರಿ," ಅಂದರು ತಣ್ಣಗೆ.

ಕಾಕಾ ಟಾವೆಲ್ಲನ್ನು ಮೂಗಿಗೆ ಹಿಡಿದರು. ಒಂದು ಸಲ. ಇನ್ನೊಂದು ಸಲ, ಕಣ್ಣು ಮುಚ್ಚಿ. ಆಮೇಲೆ ತಟ್ಟನೆ ಎದ್ದು ನಿಂತರು.

"ಎಷ್ಟು ಕುರಿ ಅದಾವ್ರಿ?"

"ಎರಡು ಕೊಡಿ, ನಲವತ್ತು ಅದಾವ."

"ಕುಂಡರ್ರಿ, ಕುಂಡರ್ರಿ. ನಿಮ್ಮದ ಜಾಗಾ."

ಬಾದಾಮಿ ಬರುವ ತನಕ ಕಾಕಾ ನಿಂತೇ ಬಂದರು. ಮಧ್ಯೆ ಒಮ್ಮೆ ಬಾಗಿ ನನಗೆ ಹೇಳಿದರು: "ಗುರುತು ಅಂದ್ರ ಹಂಗಿರಬೇಕು."

ಈಗ ಇಳಕಲ್ಲಿಗೆ ಬರೋಣ. ದಸ್ತಗೀರ ಮಾಮಾ ಇಳಕಲ್ಲಿನವರು, ತಲೆತಲಾಂತರದಿಂದ ನೇಕಾರಿಕೆಯ ಮನೆ. ಕಾಕಾನ ಜೊತೆ ಒಂದೇ ಬೆಂಚಿನಲ್ಲಿ ಕೂತು ಕಂಪ್ಯೂಟರ್ ಕಲಿತವರು. ಇಬ್ಬರೂ ಸೇರಿ ಅಲ್ಲಿಯ ನೇಕಾರರ ಒಂದು ಸಂಘಕ್ಕೆ ಒಂದು ಯಂತ್ರ ಮಾಡಿಕೊಟ್ಟಿದ್ದರು. ಸೀರೆಯ ಚಿತ್ರವನ್ನು ಸಾಲು ಸಾಲಾಗಿ ಬಿಡಿಸುವ ಪ್ರೋಗ್ರಾಮು ಮಾಮಾನದು. ಆ ಸಾಲುಗಳನ್ನು ಕೇಳಿಸಿಕೊಂಡು ಮಗ್ಗಕ್ಕೆ ತಿಳಿಸುವ ಪ್ರೋಗ್ರಾಮು ಕಾಕಾನದು. ಎರಡೂ ಒಂದೇ ಕಂಪ್ಯೂಟರಿನೊಳಗೆ ಒಂದು ಕಿಡಕಿಯ ಮೂಲಕ ಮಾತಾಡುತ್ತಿದ್ದವು. ಚಿತ್ರಗಳು ಎಲ್ಲಿಂದ ಬಂದವು? ಮಾಮಾನ ತಾಯಿಯ ಬಾಯಿಂದ. ಅಮ್ಮಿ ಕೈಮಗ್ಗದಲ್ಲಿ ನೇಯ್ದ ಸೆರಗುಗಳನ್ನು ಎಳೆ ಎಳೆಯಾಗಿ ಬಾಯಿಪಾಠ ಹೇಳುತ್ತಿದ್ದಳು. ಇಬ್ಬರೂ ಅವಳ ಮುಂದೆ ಚಾಪೆಯ ಮೇಲೆ ಕೂತು ಕಂಪ್ಯೂಟರಿಗೆ ಇಳಿಸಿಕೊಂಡರು. ತಪ್ಪಿದರೆ ಅಮ್ಮಿ ಇಬ್ಬರ ತಲೆಗೂ ಸಮನಾಗಿ ಮೊಟಕುತ್ತಿದ್ದಳಂತೆ. ಈಗ ಅಮ್ಮಿ ಇಲ್ಲ. ಆ ಸೆರಗುಗಳು ಆ ಯಂತ್ರದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

ಆ ಯಂತ್ರಕ್ಕೂ ಕಾಕಾ ಗುರುತು ಹಚ್ಚಿದರು, ಮತ್ತು ಅಲ್ಲಿ ಕುರುಬನೊಬ್ಬನೇ ಮಾಡಬಹುದಾದ ತಪ್ಪು ಮಾಡಿದರು. ಸಂಜೆ ಕುರಿ ಹಟ್ಟಿಗೆ ಬರುವಾಗ ಕುರುಬ ಬಾಗಿಲಲ್ಲಿ ನಿಲ್ಲುತ್ತಾನೆ. ನಮ್ಮ ಬಾಗಿಲಿಗೆ ತಾನಾಗಿ ಬಂದದ್ದು ನಮ್ಮದೇ ಕುರಿ, ಪರರದ್ದು ಯಾಕೆ ಬರುತ್ತದೆ? ಆ ರೂಢಿಯಲ್ಲಿ ಕಾಕಾ ಕಿಡಕಿಯ ಚೌಕಟ್ಟಿಗೆ ಸರಿಯಾದ ಗುರುತು ಹಚ್ಚಿ, ಇಲ್ಲಿಗೆ ಬರುವುದು ದಸ್ತಗೀರನದೇ ಅಲ್ಲವೇ ಎಂದು ಕೈ ತೊಳೆದುಕೊಂಡರು. ಕರ್ನಲ್ ಬಾಗಿಲನ್ನಷ್ಟೇ ನೋಡುವುದಿಲ್ಲ, ನಿನ್ನನ್ನು ಹಡೆದವರು ಯಾರು ಎಂದೂ ಕೇಳುತ್ತದೆ! ನಮಗೆಲ್ಲ ಪಾಠ ಹೇಳಿದ ಮನುಷ್ಯ ಅದನ್ನೇ ಮರೆತರು.

ದಿನಾಲೂ ಯಂತ್ರ ತಾನೇ ಮಾಮಾನ ಪ್ರೋಗ್ರಾಮನ್ನು ಶುರು ಮಾಡುತ್ತಿತ್ತು, ನಡೆಯುತ್ತಿತ್ತು. ಒಂದು ದಿನ ಕರೆಂಟು ಹೋಗಿ ಬಂತು. ಪ್ರೋಗ್ರಾಮು ಏಳಲಿಲ್ಲ. ಮಾಮಾ ಅವಸರದಲ್ಲಿ ತಮ್ಮ ಕೈಯಿಂದಲೇ ಶುರು ಮಾಡಿದರು. ಪ್ರೋಗ್ರಾಮು ಅದೇ, ಹಡೆದವರು ಬೇರೆ. ಆದ್ದರಿಂದ ಗುರುತೂ ಬೇರೆ. ಕರ್ನಲ್ ಊಹೂಂ ಅಂದಿತು. ಚಿತ್ರದ ಸಾಲು ಬರಲಿಲ್ಲ, ಮಗ್ಗ ಮಾತ್ರ ಓಡುತ್ತಲೇ ಇತ್ತು. ಯಾರೋ ನೋಡಿ ನಿಲ್ಲಿಸುವಷ್ಟರಲ್ಲಿ ಸೆರಗಿನಲ್ಲಿ ಒಂದು ಗೇಣು ಬರೀ ಖಾಲಿ ಕೆಂಪು. ಅದು ಮಾಮಾನ ಮಗಳ ಮದುವೆಯ ಸೀರೆ.

"ನನ್ನ ಪ್ರೋಗ್ರಾಮಿಗೆ ಬಾಗಲಾ ಹಾಕಾಕ ನೀ ಯಾಂವಲೇ?" ಎಂದು ಮಾಮಾ ಫೋನಿನಲ್ಲಿ ಕೂಗಿದರು.

"ಹಾಕಿದ್ದು ನಾ ಅಲ್ಲಲೇ, ಕರ್ನಲ್."

"ಹಂಗಾರ ಮದುವಿಗೂ ಆ ಕರ್ನಲ್‌ನ್ನ ಕಳಸು. ನೀ ಬರಬ್ಯಾಡ!"

ಅವತ್ತು ಕಾಕಾ "ತಪ್ಪಾತಲೇ" ಎಂದು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ಮದುವೆಗೆ ಹೋದರೋ ಇಲ್ಲವೋ? ಕಾಕಾ ಹೇಳುವ ಪ್ರಕಾರ, ಶಾಮಿಯಾನದ ಬಾಗಿಲ ತನಕ ಹೋಗಿ ತಿರುಗಿ ಬಂದರು. ಮಾಮಾ ಹೇಳುವ ಪ್ರಕಾರ, ಆ ದಿಕ್ಕಿಗೆ ತಲೆ ಹಾಕಿ ಮಲಗಲೂ ಇಲ್ಲ. ಕಾಕು ಹೇಳುವ ಪ್ರಕಾರ, ಹೋಗಿ ಹಿಂದಿನ ಪಂಕ್ತಿಯಲ್ಲಿ ಕೂತು ಬಿರಿಯಾನಿ ಉಂಡು ಬಂದರು, ಅಂಗಿಯ ಮೇಲಿನ ಕಲೆ ಅವಳೇ ತೊಳೆದಿದ್ದಾಳೆ! ಮೂರರಲ್ಲಿ ಯಾವುದನ್ನು ಬರೆಯಲಿ? ಕಲೆ ತೊಳೆದವಳ ಮಾತನ್ನು ನಂಬುವ ಮನಸ್ಸು ನನ್ನದು. ಆದರೆ ತೊಳೆದ ಕಲೆಗೆ ಸಾಕ್ಷಿ ಎಲ್ಲಿ?

ವಿಚಿತ್ರವೆಂದರೆ, ಆಮೇಲೆ ಮಾಮಾನ ಪ್ರೋಗ್ರಾಮು ಒಂದು ದಿನವೂ ನಿಲ್ಲಲಿಲ್ಲ. ಹೇಗೆ ಶುರು ಮಾಡಿದರೂ ಓಡಿತು. "ನಾ ಬೈದದ್ದಕ್ಕ ಯಂತ್ರ ಹೆದರೇತಿ," ಎಂದು ಮಾಮಾ ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಮಾತು ಬಿಟ್ಟು ಆರು ವರ್ಷವಾಯಿತು ಎಂದು ಕಾಕಾ, ಒಂಬತ್ತು ಎಂದು ಮಾಮಾ. ಬಾಗಲಕೋಟೆಗೂ ಇಳಕಲ್ಲಿಗೂ ನಡುವೆ ಹುನಗುಂದ, ಹುನಗುಂದದಲ್ಲಿ ನಾನು. ನನ್ನ ಹಣೆಬರಹ ನೋಡಿ!

ವಾರಕ್ಕೊಮ್ಮೆ ಕಾಕಾನ ಫೋನು. "ಆ ಮನಷ್ಯಾ ಹೆಂಗದಾನ ಅಂತ ನಾ ಏನ್ ಕೇಳಾಕತ್ತಿಲ್ಲ. ಇಳಕಲ್ಲಾಗ ಬಿಸಲು ಹೆಂಗೈತಿ?"

"ಬಿಸಲು ಆರಾಮ ಐತಿ ಕಾಕಾ. ಸ್ವಲ್ಪ ಮೊಣಕಾಲು ನೋವಂತ."

"ಬಿಸಲಿಗೆ?"

"ಹೂಂ. ಎಡಗಾಲು."

ನಾಲ್ಕು ದಿನಕ್ಕೆ ಬೇವೂರಿನ ಯಾರದೋ ಕೈಯಲ್ಲಿ ಒಂದು ಬಾಟಲಿ ಎಣ್ಣೆ ಬಂತು. ಜೊತೆಗೆ ಚೀಟಿ: "ಬಿಸಲಿಗೆ ಹೇಳು, ಮಲಗೂ ಮುಂದ ಹಚ್ಚಬೇಕು." ಎಣ್ಣೆಯನ್ನು ಇಳಕಲ್ಲಿಗೆ ಮುಟ್ಟಿಸಿದೆ. ಮಾಮಾ ಮೂಸಿ ನೋಡಿ, "ಯಾರು ಕಳಿಸ್ಯಾರ ಅಂತ ನಾ ಕೇಳಂಗಿಲ್ಲ," ಎಂದು ಒಳಗೆ ಇಟ್ಟುಕೊಂಡರು. ಒಂದೇ ಯಂತ್ರದೊಳಗಿನ ಎರಡು ಪ್ರೋಗ್ರಾಮು, ನಡುವೆ ನಾನೊಂದು ಕಿಡಕಿ. ಕಿಡಕಿಗೆ ಸ್ವಂತ ಅಭಿಪ್ರಾಯ ಇರಬಾರದು ಎಂಬುದು ಇಬ್ಬರ ನಂಬಿಕೆ!

ಹೀಗಿರುವಾಗ ಹೋದ ತಿಂಗಳು ಮಾಮಾ ತಾವೇ ಕುಂಟುತ್ತಾ ಹುನಗುಂದಕ್ಕೆ ಬಂದರು. ಚಹಾ ಕೊಟ್ಟೆ, ಕುಡಿಯಲಿಲ್ಲ. "ಸಂಘಕ್ಕ ಹೊಸಾ ಮಷಿನ್ ಬಂದೈತವಾ. ಶನಿವಾರ ಗುಜರಿಯಾಂವ ಬಂದು ಹಳೇದನ್ನ ಒಯ್ತಾನ. ಅಮ್ಮಿ ಸೆರಗು ಎಲ್ಲಾ ಅದರಾಗ ಅದಾವ. ಪೆನ್ ಡ್ರೈವ್ ಚುಚ್ಚಿದ್ರ ಒಲ್ಲೆ ಅಂತೈತಿ. ಹೊರಗ ಏನೂ ಒಯ್ಯಾಕ ಬಿಡಬಾರದು ಅಂತ ಬರದಾನಲ್ಲ ಪುಣ್ಯಾತ್ಮ. ಅದರ ಪಾಸ್‌ವರ್ಡ್ ಅವನ ತೆಲ್ಯಾಗ ಐತಿ."

"ನೀವ ಒಂದು ಫೋನ್ ಮಾಡ್ರಿ ಮಾಮಾ."

"ನಾ ಯಾಕ ಮಾಡ್ಲಿ?" ಅಂದರು. ಕಪ್ಪು ಪಕ್ಕಕ್ಕೆ ಸರಿಸಿದರು. "ಬಿಸಲು ಭಾಳ ಆಗೇತಿ ಅಂತ ಹೇಳು."

ಹೇಳಿದೆ. ಶನಿವಾರ ಗುಜರಿಯವನು ಬರುವುದನ್ನೂ ಹೇಳಿದೆ. ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೆಗಲ ಮೇಲೆ ಟಾವೆಲ್ಲು ಹಾಕಿಕೊಂಡು ನನ್ನ ಬಾಗಿಲಲ್ಲಿ ನಿಂತಿದ್ದರು.

"ನಾ ಆ ಮನಷ್ಯಾನ ಸಲುವಾಗಿ ಬಂದಿಲ್ಲ. ಕಂಪ್ಯೂಟರಿನ ಸಲುವಾಗಿ ಬಂದೇನಿ. ನಡೀ."

ಸಂಘದ ಕೋಣೆಯಲ್ಲಿ ಒಂದು ಮೇಜು, ಮೇಜಿನ ಮುಂದೆ ಎರಡು ಕುರ್ಚಿ. ಒಂದರಲ್ಲಿ ಮಾಮಾ, ಒಂದರಲ್ಲಿ ಕಾಕಾ, ಹಿಂದೆ ನಿಂತ ನಾನು. ಇಬ್ಬರ ಮೊಣಕೈ ನಡುವೆ ಒಂದು ಗೇಣು ಜಾಗವೂ ಇರಲಿಲ್ಲ.

"ಅವ್ವಿ, ಆ ಮನಷ್ಯಾಗ ಪೆನ್ ಡ್ರೈವ್ ಕೊಡಾಕ ಹೇಳು."

"ಮಾಮಾ, ಪೆನ್ ಡ್ರೈವ್ ಬೇಕಂತ."

"ಮೊದಲ ಪಾಸ್‌ವರ್ಡ್ ಹಾಕಾಕ ಹೇಳು."

"ಕಾಕಾ, ಮೊದಲ ಪಾಸ್‌ವರ್ಡ್ ಅಂತ."

ಕಾಕಾ ಪಾಸ್‌ವರ್ಡ್ ಒತ್ತಿದರು. ತಪ್ಪು ಅಂದಿತು. ಇನ್ನೊಮ್ಮೆ ಒತ್ತಿದರು, ಸಾವಕಾಶವಾಗಿ. ತಪ್ಪು. ಕಾಕಾನ ಕಿವಿ ಬೆವರಿತು. ನಾಳೆ ಗುಜರಿಯವನು ಬರುತ್ತಾನೆ. ಆ ಪೆಟ್ಟಿಗೆಯ ಜೊತೆ ಅಮ್ಮಿಯ ಎಲ್ಲ ಸೆರಗುಗಳೂ ತಕ್ಕಡಿಗೆ ಹೋಗುತ್ತವೆ. ಕಾಕಾ ಬೆರಳು ಚಾಚಿ ಮೂರನೆಯ ಸಲಕ್ಕೆ ತಯಾರಾದರು.

"ಲೇ, ಕ್ಯಾಪ್ಸ್ ಲಾಕ್ ಹತ್ತೇತಲ್ಲೋ ಮಬ್ಬ! ದೀಪಾ ಕಾಣವಲ್ದೇನು?"

ಆರು ವರ್ಷವೋ, ಒಂಬತ್ತು ವರ್ಷವೋ ಆದ ಮೇಲೆ ಆ ಮನುಷ್ಯ ಈ ಮನುಷ್ಯನಿಗೆ ಆಡಿದ ಮೊದಲ ಮಾತು ಅದು. ಕಾಕಾ ತಿರುಗಿ ನೋಡಲಿಲ್ಲ. "ನನ್ನ ಚಷ್ಮಾ ಸುಮಾರ ಆಗೇತಿ," ಎಂದು ಯಂತ್ರಕ್ಕೇ ಹೇಳಿದರು. ಕ್ಯಾಪ್ಸ್ ಲಾಕ್ ಆರಿಸಿದರು. ಪಾಸ್‌ವರ್ಡ್ ಹೊಂದಿತು.

ಸೆರಗುಗಳನ್ನು ಹೊರಗೆ ಬಿಡಲು ನಿಯಮ ತಿದ್ದಬೇಕಿತ್ತು. ಕಾಕಾ ನಿಯಮದ ಫೈಲು ತೆಗೆದರು. ಉದ್ದಕ್ಕೆ ಸಾಲು, ಸಾಲಿನ ಕೆಳಗೆ ಸಾಲು: ಇದಕ್ಕೆ ಇದು ಬೇಡ, ಅದಕ್ಕೆ ಅದು ಬೇಡ. ಕಾಕಾ ಬೇಗ ಬೇಗ ಕೆಳಗೆ ಎಳೆಯುತ್ತಿದ್ದರು, ಯಾಕೋ ಬಹಳ ಬೇಗ. "ನಿಂದ್ರು," ಅಂದರು ಮಾಮಾ. ಕಾಕಾನ ಕೈ ಸರಿಸಿ ಎರಡು ಸಾಲು ಮೇಲಕ್ಕೆ ಹೋದರು. ಅಲ್ಲಿ, ಅಷ್ಟೂ ಬಿಗಿಯ ನಡುವೆ, ಯಾವ ಮಾಸ್ತರನೂ ಮೆಚ್ಚಲಾರದ ಒಂದು ಸಡಿಲ ನಿಯಮವಿತ್ತು. ಮಾಮಾನ ಪ್ರೋಗ್ರಾಮು ಯಾರ ಕೈಯಿಂದ ಹುಟ್ಟಿದ್ದರೂ, ಮೈಮೇಲೆ ಯಾವ ಗುರುತು ಇದ್ದರೂ, ಅದಕ್ಕೆ ಕಿಡಕಿ ತೆರೆದೇ ಇರಬೇಕು ಎಂದು. ಯಂತ್ರ ಓದದ, ಮನುಷ್ಯರು ತಮಗಾಗಿ ಬರೆದುಕೊಳ್ಳುವ ಟಿಪ್ಪಣಿ ಅದರ ಮೇಲೆ ಕನ್ನಡದಲ್ಲಿತ್ತು:

"ಇಂವ ಎಲ್ಲಿಂದ ಬಂದ್ರೂ ಬಿಡು. ಕೇಳಬ್ಯಾಡ."

ಆಚೆ ಕೋಣೆಯಲ್ಲಿ ಮಗ್ಗ ಓಡುತ್ತಿತ್ತು, ಅಥವಾ ಓಡುತ್ತಿತ್ತು ಎಂದು ನಾನು ಈಗ ಸೇರಿಸುತ್ತಿದ್ದೇನೆ. ಅವತ್ತು ಶುಕ್ರವಾರದ ರಜೆ ಇದ್ದು ಮಗ್ಗ ನಿಂತಿರಲೂಬಹುದು. ಇನ್ನೊಂದನ್ನೂ ಹೇಳಿಬಿಡುತ್ತೇನೆ. ಆ ಸಾಲನ್ನು ಕಾಕಾ ಜಗಳವಾದ ವಾರವೇ ಬಂದು ಬರೆದು ಹೋಗಿದ್ದರೇ? ಅಥವಾ ಪಾಸ್‌ವರ್ಡ್ ಹೊಂದಿದ ಮೇಲೆ ನಾನೂ ಮಾಮಾನೂ ನೀರು ಕುಡಿಯಲು ಹೊರಗೆ ಹೋದಾಗ ಗಡಿಬಿಡಿಯಲ್ಲಿ ಬರೆದರೇ? ಫೈಲಿನ ಪಕ್ಕದಲ್ಲಿ ತಾರೀಖು ಇರುತ್ತದೆ. ನಾನು ನೋಡಲಿಲ್ಲ. ಮಾಮಾ ನೋಡಿದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಬಹಳ ಹೊತ್ತು ಒರೆಸಿದರು.

"ಇಷ್ಟು ಸಡಿಲ ನಿಯಮಾ ಬರಿಯಾಂವ ನೀ ಎಂಥಾ ಲ್ಯಾಬ್ ಮಾಸ್ತರಲೇ?" ಅಂದರು ಕೊನೆಗೆ.

"ತಪ್ಪಾಗೇತಿ," ಅಂದರು ಕಾಕಾ. "ಭಾಳ ದಿನದ ಹಿಂದ ಹೇಳಬೇಕಿತ್ತು, ತಪ್ಪಾಗೇತಿ. ಆ ಸಾಲು ತಗೀಲೇನು?"

"ಮುಟ್ಟಿದ್ರ ನೋಡು!"

ಮಧ್ಯಾಹ್ನದೊಳಗೆ ಅಮ್ಮಿಯ ಸೆರಗುಗಳು ಒಂದೂ ಬಿಡದಂತೆ ಪೆನ್ ಡ್ರೈವಿಗೆ ಇಳಿದವು. ಮೊಣಕಾಲು ತೋರಿಸಲು ಮಾಮಾ ನಮ್ಮ ಜೊತೆಗೇ ಬಾಗಲಕೋಟೆಗೆ ಹೊರಟರು. ಕಾಕು ಫೋನಿನಲ್ಲಿ, "ಕಿಂಡಿ ಹಾಳಿ ಹರದು ಒಗೀತೇನಿ, ಕರಕೊಂಡು ಬರ್ರಿ," ಎಂದಿದ್ದಳು.

ಇಳಕಲ್ ಬಸ್ ಸ್ಟ್ಯಾಂಡಿನಲ್ಲಿ ಗದ್ದಲವೋ ಗದ್ದಲ. ಬಸ್ಸು ಇನ್ನೂ ತಿರುಗುತ್ತಿತ್ತು. ನಮ್ಮ ಕಾಕಾ, ಟಾವೆಲ್ಲಿನ ಗುರುತನ್ನು ಜನ್ಮದಲ್ಲಿ ಒಪ್ಪದ ನಮ್ಮ ಕಾಕಾ, ಓಡಿದರು! ಹೆಗಲ ಮೇಲಿನ ಟಾವೆಲ್ಲು ಎಳೆದು, ತುದಿಗಾಲಲ್ಲಿ ನಿಂತು, ಕಿಡಕಿಯೊಳಗೆ ತೂರಿಸಿದರು. ನಾವು ಹತ್ತುವಷ್ಟರಲ್ಲಿ ಒಬ್ಬ ತರುಣ ಅದನ್ನು ಎತ್ತಿ ಹಿಡಿದು ನಿಂತಿದ್ದ.

"ಯಾರದ್ರಿ ಇದು ಟಾವೆಲ್? ಕುಂಡ್ರಾವರು ಎಲ್ಲಿ ಅದಾರ?"

ಕಾಕಾ ಬಾಗಿಲ ಕಡೆ ತಿರುಗಿ ನೋಡಿದರು. ಮಾಮಾ ಕೆಳಗಿನ ಮೆಟ್ಟಿಲ ಹತ್ತಿರ ಸರಳು ಹಿಡಿದು, ಎಡಗಾಲು ಎತ್ತಲಾಗದೆ ನಿಂತಿದ್ದರು.

"ಬರಾಕತ್ತಾನಪಾ," ಅಂದರು ಕಾಕಾ. "ಮೊಣಕಾಲು ನೋವು. ಸಾವಕಾಶ ಬರ್ತಾನ. ನಮ್ಮಾಂವ."